ಕುಡಿತ ಬಿಟ್ಟಾಯಿತು, ಸಂಜೆಗೆ ಏನು ಮಾಡುವುದು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದಿದ್ದ ಇವರು ಬಡಗಿ, ವಯಸ್ಸು ನಲವತ್ತರ ಆಸುಪಾಸು. ಆಸ್ಪತ್ರೆಗೆ ಸೇರಿ ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ಮನೆಯವರಿಗೆಲ್ಲ ನೆಮ್ಮದಿ, ಅವರಿಗೆ ಮಾತ್ರ ಇಲ್ಲ. "ಬಿಟ್ಟಿದ್ದೇನೋ ಬಿಟ್ಟೆ ಮೇಡಂ. ಆದ್ರೆ ಊಟಕ್ಕೂ ರುಚಿಯಿಲ್ಲ, ಮಾತಿಗೂ ರುಚಿಯಿಲ್ಲ. ಏಳು ಗಂಟೆ ಆದ್ರೆ ಏನ್ ಮಾಡ್ಬೇಕೋ ಗೊತ್ತಾಗಲ್ಲ" ಎಂದರು.

ಆ ಹೊತ್ತು ಕಳೆಯಲು ಇಸ್ಪೀಟಿಗೆ ಕೂರತೊಡಗಿದ್ದರು. ಮನೆಗೆ ಬಂದರೆ ನಡುರಾತ್ರಿವರೆಗೆ ರೀಲ್ಸ್. ಹೆಂಡತಿಗೆ ಸಿಟ್ಟು ಬಂದಿತ್ತು.

ನಾನು ಇಬ್ಬರಿಗೂ ಮೊದಲು ಹೇಳಿದ್ದು ಇದು. ವರ್ಷಗಟ್ಟಲೆ ಕುಡಿದ ಮಿದುಳು ದಿಢೀರ್ ಸಿಗುವ ದೊಡ್ಡ ಖುಷಿಗೆ ಒಗ್ಗಿರುತ್ತದೆ. ಕುಡಿತ ಬಿಟ್ಟ ಮೇಲೆ ಸಣ್ಣಪುಟ್ಟ ಖುಷಿ ಅದಕ್ಕೆ ತಟ್ಟುವುದೇ ಇಲ್ಲ. ಸರಿಹೋಗಲು ತಿಂಗಳುಗಳೇ ಬೇಕು. ಇದನ್ನು ಕೊಬ್ಬು, ಸೋಮಾರಿತನ ಎನ್ನಬೇಡಿ. ಆದರೆ ಇಸ್ಪೀಟು, ಮೊಬೈಲು ಹಿಡಿದರೆ ಮತ್ತೆ ಅದೇ ಹಳೇ ದಾರಿ, ಅಲ್ವಾ?

"ಹಾಗಾದ್ರೆ ಖುಷಿ ಪಡೋದೇ ಬೇಡ್ವಾ?" ಎಂದು ಅವರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ. ಖುಷಿ ಖಂಡಿತ ಬೇಕು. ಆದರೆ ರಾತ್ರಿ ಬಂದ ಮಜಾವನ್ನು ಬೆಳಗ್ಗೆ ಎದ್ದ ಮೇಲೆ ಅಳೆಯಿರಿ, ಏನು ಉಳಿದಿದೆ ನೋಡಿ ಎಂದೆ. ಒಂದು ವಾರ ಇಷ್ಟನ್ನೇ ಬರೆದು ತರಲು ಹೇಳಿದೆ.

ತಂದ ಚೀಟಿಯಲ್ಲಿ ಬಹುತೇಕ ದಿನ "ಏನೂ ಇಲ್ಲ" ಎಂದಿತ್ತು. ಒಂದು ದಿನ ಮಾತ್ರ, "ಪಕ್ಕದ ಮನೆ ಅಜ್ಜಿಯ ಮಂಚ ರಿಪೇರಿ ಮಾಡಿದೆ. ಒಳ್ಳೇ ನಿದ್ದೆ ಬಂತು." ನಾನು ಹಿಡಿದುಕೊಂಡಿದ್ದು ಈ ಸಾಲನ್ನೇ. ಮಗಳು ಎಸ್ಸೆಸ್ಸೆಲ್ಸಿ, ನೆಲದ ಮೇಲೆ ಕೂತು ಓದುತ್ತಾಳೆ ಎಂದು ಹೆಂಡತಿ ಹೇಳಿದ್ದರು. ದಿನಾ ಏಳಕ್ಕೆ ಅವಳಿಗೊಂದು ಟೇಬಲ್ ಮಾಡಲು ಕೂತುಕೊಳ್ಳಿ, ಅವಸರ ಬೇಡ ಎಂದೆ.

"ಅವಳು ನನ್ ಜೊತೆ ಮಾತೇ ಆಡಲ್ಲ ಮೇಡಂ."

"ಮಾತಾಡದಿದ್ರೂ ಟೇಬಲ್ ಬೇಕಲ್ಲ?"

ಜೊತೆಗೆ ಇನ್ನಷ್ಟು ಹೇಳಿದೆ. ಕುಡಿಯುವ ಆಸೆ ಕೆರಳಿದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಜಾಗ ಬಿಟ್ಟು ಏಳಿ, ಏನಾದರೂ ತಿನ್ನಿ, ಯಾರಿಗಾದರೂ ಫೋನ್ ಮಾಡಿ. ಬಾರ್ ಇರುವ ರಸ್ತೆ ಬಿಡಿ. ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಸಭೆ ತಪ್ಪಿಸಬೇಡಿ. ಡಾಕ್ಟರು ಹೇಳದೆ ಮಾತ್ರೆ ನಿಲ್ಲಿಸಬೇಡಿ.

ಓದುವವರಿಗೂ ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಲು ಹೋಗಬಾರದು. 2-3 ದಿನಗಳಲ್ಲಿ ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಡಾಕ್ಟರ ಬಳಿ ಹೋಗಿ. ಯಾರನ್ನು ಕೇಳುವುದು ಎಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ.

ಟೇಬಲ್ ನಿಧಾನಕ್ಕೆ ಮುಗಿಯಿತು. ಡ್ರಾಯರ್ ಇಟ್ಟಿಲ್ಲ ಎಂದು ಮಗಳು ತಕರಾರು ತೆಗೆದಳಂತೆ. ಅದನ್ನು ಹೇಳುವಾಗ ಅವರ ಮುಖ ಅರಳಿತ್ತು.

ಆಮೇಲೆ ಹಬ್ಬಕ್ಕೆ ಊರಿಗೆ ಹೋದಾಗ ಒಮ್ಮೆ ಕುಡಿದರು. ಮರುದಿನ ತಾವೇ ಬಂದು ಹೇಳಿದರು. ಇಷ್ಟು ದಿನ ಮಾಡಿದ್ದೆಲ್ಲ ಇದರಿಂದ ಹಾಳಾಗಲ್ಲ ಎಂದೆ. ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಜಾರಿದರು ಎಂದು ಕೂತು ನೋಡಿದೆವು.

ಹೆಂಡತಿ ಕೇಳಿದರು: "ಇವರನ್ನ ಇನ್ನು ನಂಬಬಹುದಾ ಮೇಡಂ?" ದಿನಾ ಬಾಯಿ ಮೂಸಿ ನೋಡಬೇಡಿ, ಆದರೆ ಇನ್ನೂ ಆರು ತಿಂಗಳು ದುಡ್ಡು ನಿಮ್ಮ ಕೈಯಲ್ಲೇ ಇರಲಿ ಎಂದೆ. ಅವರೂ ಒಪ್ಪಿ, ಜೇಬಿನಲ್ಲಿದ್ದ ಕೂಲಿ ದುಡ್ಡನ್ನು ಅಲ್ಲೇ ಕೊಟ್ಟರು.