ಮೇ ಸೋಟ್‌ನ ಬರ್ಮಾ ಕಾರ್ಮಿಕರು ಹಿಂದುಳಿದಿರುವುದೇಕೆ?

ಥಾಯ್ಲೆಂಡ್‌ನಲ್ಲಿ ಕನಿಷ್ಠ ಕೂಲಿ ಎಲ್ಲರಿಗೂ ಒಂದೇ ಅಂದಮೇಲೆ ಬರ್ಮಾದವರು ಯಾಕೆ ಸ್ಥಳೀಯರಿಗಿಂತ ಬಡವರಾಗಿದ್ದಾರೆ ಅಂತ ಕೇಳಿದ್ದೀರಿ. ಕಾನೂನಿನಲ್ಲಿ ಒಂದೇ, ನಿಜ. ಆದರೆ ಬರ್ಮಾ (ಮ್ಯಾನ್ಮಾರ್) ಗಡಿಯಲ್ಲಿರುವ ಥಾಯ್ ಪಟ್ಟಣ ಮೇ ಸೋಟ್‌ನ ಗಾರ್ಮೆಂಟ್ಸ್‌ಗಳಲ್ಲಿ ಎಷ್ಟೋ ಕಡೆ ಪೀಸ್ ಲೆಕ್ಕದ ಕೆಲಸ. ದಿನವಿಡೀ ಹೊಲಿದರೂ ಅನೇಕರಿಗೆ ಆ ಕೂಲಿ ಕೈಗೆ ಬರುವುದಿಲ್ಲ. ಕೆಲಸದ ಪರ್ಮಿಟ್ ಖರ್ಚು, ಕೆಲಸ ಕೊಡಿಸಿದ ಏಜೆಂಟನ ಸಾಲ ಬೇರೆ. ಜಗಳವಾಡಿ ಕೆಲಸ ಬಿಟ್ಟರೆ, ಬೇಗ ಇನ್ನೊಬ್ಬ ಮಾಲೀಕ ಸಿಗದಿದ್ದರೆ ಪರ್ಮಿಟ್ಟೇ ಹೋಗುತ್ತದೆ.

ನನಗೆ ಹೆಚ್ಚು ಸಂಕಟವಾಗುವುದು ಮಕ್ಕಳ ವಿಷಯದಲ್ಲಿ. 2005ರಿಂದ ದಾಖಲೆ ಇಲ್ಲದ ಮಕ್ಕಳೂ ಥಾಯ್ ಸರ್ಕಾರಿ ಶಾಲೆಗೆ ಸೇರಬಹುದು. ಆದರೂ ಭಾಷೆ ಬಾರದೆ, ಅಪ್ಪ ಅಮ್ಮ ಕೆಲಸ ಹುಡುಕಿಕೊಂಡು ಊರೂರು ಅಲೆಯುವುದರಿಂದ, ಬಹಳಷ್ಟು ಮಕ್ಕಳು ವಲಸಿಗರ ಕಲಿಕಾ ಕೇಂದ್ರಗಳಲ್ಲೇ ಉಳಿಯುತ್ತಾರೆ. ಅಲ್ಲಿನ ಓದಿಗೆ ಹೊರಗೆ ಮಾನ್ಯತೆ ಸಿಗುವುದು ಕಷ್ಟ. ಇನ್ನು ಕಾಯಿಲೆ ಬಿದ್ದರೆ, ಬರ್ಮಾದಿಂದ ಬಂದ ವೈದ್ಯೆ ಡಾ. ಸಿಂಥಿಯಾ ಮಾಂಗ್ 1989ರಲ್ಲಿ ಮೇ ಸೋಟ್‌ನಲ್ಲಿ ಶುರು ಮಾಡಿದ ಮೇ ಟಾವ್ ಕ್ಲಿನಿಕ್ಕೇ ಎಷ್ಟೋ ಜನಕ್ಕೆ ಗತಿ.