ಹಂಪ್ ಹಾರಿದರೂ ಎಸ್‌ಎಂಎಸ್, ಬಿದ್ದಾಗ ರೀಸೆಟ್: ಬೈಕ್ ಅಪಘಾತ ಪತ್ತೆ ಸಾಧನದಲ್ಲಿ ಎಲ್ಲಿ ತಪ್ಪಾಗುತ್ತಿದೆ?

ನಿಮ್ಮ ಪ್ರಾಜೆಕ್ಟಿನಲ್ಲಿರುವುದು ಎಲ್ಲವನ್ನೂ ನಡೆಸುವ ಮೈಕ್ರೋಕಂಟ್ರೋಲರ್ ಬೋರ್ಡ್ ಇಎಸ್‌ಪಿ32, ಪೆಟ್ಟು ಮತ್ತು ವಾಲಿಕೆಯನ್ನು ಅಳೆಯುವ ಅಕ್ಸೆಲೆರೋಮೀಟರ್ ಸೆನ್ಸರ್ ಎಂಪಿಯು6050, ನಿಯೋ-6ಎಂ ಜಿಪಿಎಸ್ ಮತ್ತು ಎಸ್‌ಎಂಎಸ್ ಕಳಿಸುವ ಮೊಬೈಲ್ ಮಾಡ್ಯೂಲ್ ಸಿಮ್800ಎಲ್. ಹಂಪ್ ದಾಟಿದರೂ ಮನೆಗೆ ಎಸ್‌ಎಂಎಸ್ ಹೋಗುತ್ತದೆ, ನಿಜವಾಗಿ ಬೀಳಿಸಿ ನೋಡಿದರೆ ಮೆಸೇಜ್ ಕಳಿಸುವ ಹೊತ್ತಿಗೆ ಬೋರ್ಡ್ ರೀಸೆಟ್ ಆಗುತ್ತದೆ ಎಂದು ಕೇಳಿದ್ದೀರಿ. ಇವು ಎರಡು ಬೇರೆ ತೊಂದರೆಗಳು. ರೀಸೆಟ್ ಸುಲಭದ್ದು, ಅದನ್ನು ಮೊದಲು ಮುಗಿಸೋಣ.

ಸಿಮ್800ಎಲ್‌ಗೆ ಬೇಕಾದ್ದು 3.4ರಿಂದ 4.4 ವೋಲ್ಟ್. ಬೋರ್ಡಿನ 3.3 ವೋಲ್ಟ್ ಪಿನ್ ಸಾಲದು, ನೇರವಾಗಿ 5 ವೋಲ್ಟ್ ಕೊಟ್ಟರೆ ಮಾಡ್ಯೂಲ್ ಕೆಡುತ್ತದೆ. ಟವರ್‌ಗೆ ಸಿಗ್ನಲ್ ಕಳಿಸುವಾಗ ಅದು ಅರ್ಧ ಮಿಲಿಸೆಕೆಂಡಿನಷ್ಟು ಹೊತ್ತು, ಮತ್ತೆ ಮತ್ತೆ, 2 ಆಂಪಿಯರ್‌ವರೆಗೂ ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿದು ಎಲ್ಲವೂ ರೀಸೆಟ್. ಇಷ್ಟು ಚಿಕ್ಕ ಕುಸಿತ ಮಲ್ಟಿಮೀಟರ್‌ನಲ್ಲಿ ಕಾಣುವುದಿಲ್ಲ. ಬೈಕಿನ 12 ವೋಲ್ಟನ್ನು 3 ಆಂಪಿಯರ್ ಬಕ್ ಕನ್ವರ್ಟರ್‌ನಿಂದ 4ಕ್ಕೆ ಇಳಿಸಿ, 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರನ್ನು ಮಾಡ್ಯೂಲಿನ ಪಿನ್ನಿನ ಪಕ್ಕದಲ್ಲೇ ಬೆಸೆಯಿರಿ. ಬ್ರೆಡ್‌ಬೋರ್ಡಿನ ತೆಳು ಜಂಪರ್ ವೈರ್ ಬೇಡ. ಡಿಕ್ಕಿಯಲ್ಲಿ ಬ್ಯಾಟರಿ ವೈರೇ ಕಿತ್ತು ಬರಬಹುದಾದ್ದರಿಂದ ಪೆಟ್ಟಿಗೆಯೊಳಗೆ ಒಂದು ಲಿಥಿಯಂ ಸೆಲ್ ಇರಲೇಬೇಕು. ಇದು 2ಜಿ ಮಾಡ್ಯೂಲ್, ಜಿಯೋ ಸಿಮ್ ನಡೆಯದು. ಹೊಸದಾಗಿ ಕೊಳ್ಳುವವರಿಗೆ ನಾನು 4ಜಿಯ ಎ7670 ಸರಣಿಯನ್ನೇ ಹೇಳುತ್ತೇನೆ.

ಇನ್ನು ಸುಳ್ಳು ಎಚ್ಚರಿಕೆ. ಎಂಪಿಯು6050 ಆನ್ ಆಗುವುದು ±2 ಜಿ ರೇಂಜಿನಲ್ಲಿ (ಇಲ್ಲಿ 1 ಜಿ ಎಂದರೆ ಭೂಮಿಯ ಗುರುತ್ವದಷ್ಟು). ನಿಂತ ಬೈಕಿನಲ್ಲೇ 1 ಜಿ ಇರುತ್ತದೆ. ಹಂಪೂ ಲಾರಿಯ ಡಿಕ್ಕಿಯೂ 2ಕ್ಕೆ ಮುಟ್ಟಿ ನಿಂತುಬಿಡುತ್ತವೆ, ನಿಮ್ಮ ಪ್ರೋಗ್ರಾಂಗೆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ. ±16 ಜಿಗೆ ಬದಲಿಸಿ, ಸೆನ್ಸರ್ ಕೊಡುವ ಅಂಕಿಯನ್ನು ಜಿಗೆ ತರಲು ಭಾಗಿಸುವ ಸಂಖ್ಯೆಯನ್ನೂ 16384ರಿಂದ 2048ಕ್ಕೆ ಇಳಿಸಿ. ಇದನ್ನು ಮರೆತರೆ ನಿಂತ ಬೈಕ್ 0.125 ಜಿ ತೋರಿಸುತ್ತದೆ. ಪ್ರೋಗ್ರಾಂನ ಲೂಪಿನಲ್ಲಿ ಒಂದು ಸೆಕೆಂಡಿನ ಡಿಲೇ ಇದ್ದರೆ ಮೊದಲು ತೆಗೆಯಿರಿ, ಅಷ್ಟರಲ್ಲಿ ಪೆಟ್ಟು ಬಂದು ಹೋಗಿರುತ್ತದೆ. ಸೆಕೆಂಡಿಗೆ 200 ಸಲವಾದರೂ ಓದಿ. ಸೆನ್ಸರನ್ನು ಹ್ಯಾಂಡಲ್‌ಗೆ ಟೇಪಿನಲ್ಲಿ ಅಂಟಿಸದೆ ಸೀಟಿನ ಕೆಳಗಿನ ಚಾಸಿಗೆ ಬೋಲ್ಟ್ ಹಾಕಿ.

ಇಷ್ಟಾದರೂ ಪೆಟ್ಟೊಂದನ್ನೇ ನಂಬಬೇಡಿ. ಗುಂಡಿಗಿಳಿದ ಬೈಕ್ ಮುಂದಕ್ಕೆ ಓಡುತ್ತದೆ, ಅಪಘಾತವಾದದ್ದು ನಿಲ್ಲುತ್ತದೆ. ಮರಳಿನ ಮೇಲೆ ಜಾರಿ ಬಿದ್ದರಂತೂ ಪೆಟ್ಟು ಕಡಿಮೆಯೇ. ಆದ್ದರಿಂದ 20 ಕಿ.ಮೀ.ಗಿಂತ ಹೆಚ್ಚಿದ್ದ ಜಿಪಿಎಸ್ ವೇಗ ಐದಾರು ಸೆಕೆಂಡಿನಲ್ಲಿ 5ರ ಕೆಳಗಿಳಿದಿರಬೇಕು, ಇದು ಕಡ್ಡಾಯ. ಜೊತೆಗೆ ದೊಡ್ಡ ಪೆಟ್ಟು ಬಿದ್ದಿರಬೇಕು, ಇಲ್ಲವೇ ನಿಂತ ಮೇಲೆ ಹತ್ತು ಸೆಕೆಂಡು 60 ಡಿಗ್ರಿಗಿಂತ ಹೆಚ್ಚು ವಾಲಿರಬೇಕು. ವಾಲಿಕೆಯನ್ನು ಓಡುವಾಗ ಅಳೆಯಬೇಡಿ. ತಿರುವಿನಲ್ಲಿ ಬೈಕ್ ವಾಲಿದರೂ ಒಟ್ಟು ಬಲ ಸೀಟಿನಿಂದ ಚಕ್ರದ ಕಡೆಗೇ ಬೀಳುವುದರಿಂದ ಅಕ್ಸೆಲೆರೋಮೀಟರಿಗೆ ಅದು ನೆಟ್ಟಗಿದ್ದಂತೆ ಕಾಣುತ್ತದೆ. ಗುಂಡಿ ದಾಟಿದ ಕೂಡಲೇ ಸಿಗ್ನಲ್‌ನಲ್ಲಿ ನಿಂತರೆ ಈ ಲೆಕ್ಕವೂ ತಪ್ಪುತ್ತದೆ. ಅದಕ್ಕಾಗಿಯೇ ಮೆಸೇಜ್‌ಗೆ ಮುಂಚೆ 20 ಸೆಕೆಂಡು ಬಝರ್, ಕೈಗವಸು ಹಾಕಿದ್ದರೂ ಒತ್ತಬಹುದಾದ ಒಂದು ರದ್ದು ಬಟನ್.

ನೀವು ಕೇಳದ, ಆದರೆ ಇವೆಲ್ಲಕ್ಕಿಂತ ಅಪಾಯದ ತಪ್ಪು ಒಂದಿದೆ. ಜಿಪಿಎಸ್ ಕೊಡುವ 1258.2960 ಎಂದರೆ 12 ಡಿಗ್ರಿ 58.2960 ಮಿನಿಟು. ಮಿನಿಟನ್ನು 60ರಿಂದ ಭಾಗಿಸಿದರೆ 12.9716, ಅಂದರೆ ಬೆಂಗಳೂರು. ಬರೀ ಚುಕ್ಕೆ ಸರಿಸಿ 12.5829 ಎಂದು ಕಳಿಸಿದರೆ, ರೇಖಾಂಶಕ್ಕೂ ಹಾಗೆಯೇ ಮಾಡಿದರೆ, ಆಂಬುಲೆನ್ಸ್ ಕನಕಪುರದ ಕಡೆ ಹುಡುಕಲು ಹೋಗುತ್ತದೆ. ಬಿದ್ದ ಬೈಕಿನ ಆಂಟೆನಾ ನೆಲ ನೋಡುತ್ತಿರಬಹುದು, ಹಾಗಾಗಿ ಕೊನೆಯ ಸರಿಯಾದ ಸ್ಥಳವನ್ನು ಸಮಯದ ಸಮೇತ ಉಳಿಸಿಟ್ಟಿರಿ.

ಸಾಧನದಿಂದ ನೇರವಾಗಿ 112ಕ್ಕೆ ಕರೆ ಹೋಗುವಂತೆ ಮಾಡಬೇಡಿ, ಅಲ್ಲಿ ಕೇಳುವ ಪ್ರಶ್ನೆಗಳಿಗೆ ಅದು ಉತ್ತರಿಸಲಾರದು. ಮನೆಯ ಮೂವರಿಗೆ ಎಸ್‌ಎಂಎಸ್ ಕಳಿಸಿ, ಕೂಡಲೇ ರಿಂಗ್ ಮಾಡಿಸಿ. 112 ಅಥವಾ 108ಕ್ಕೆ ಅವರು ಕರೆ ಮಾಡಲಿ. ಕನ್ನಡ ಲಿಪಿಯಲ್ಲಾದರೆ ಒಂದು ಎಸ್‌ಎಂಎಸ್‌ಗೆ 70 ಅಕ್ಷರ ಮಾತ್ರ, ಮ್ಯಾಪ್ ಲಿಂಕ್ ಮೊದಲು ಬರಲಿ.

ಪೆಟ್ಟಿನ ಮಿತಿಯನ್ನು ಇಂಟರ್ನೆಟ್ಟಿನಿಂದ ಎತ್ತಿಕೊಳ್ಳಬೇಡಿ. ಎಸ್‌ಡಿ ಕಾರ್ಡಿಗೆ ಲಾಗ್ ಮಾಡುತ್ತಾ ನಿಮ್ಮ ಬೈಕನ್ನು ಒಂದು ವಾರ ನಿತ್ಯದ ದಾರಿಯಲ್ಲಿ ಓಡಿಸಿ, ಬಂದ ಅತಿ ದೊಡ್ಡ ಪೆಟ್ಟಿನ ಒಂದೂವರೆ ಪಟ್ಟು ಇಡಿ. ಅದು 16 ಜಿ ದಾಟಿದರೆ ಈ ಸೆನ್ಸರ್ ಸಾಲದು, ±200 ಜಿಯ ಎಡಿಎಕ್ಸ್‌ಎಲ್375 ಹಾಕಿಕೊಳ್ಳಿ.