68 ವರ್ಷದ ಅಮ್ಮನಿಗೆ ಕೆಮ್ಮಿದರೆ ಮೂತ್ರ ಸೋರುತ್ತೆ. ಈ ವಯಸ್ಸಿನಲ್ಲಿ ವ್ಯಾಯಾಮದಿಂದ ಉಪಯೋಗ ಆಗುತ್ತಾ?

ಆಗುತ್ತದೆ. ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಮಾತ್ರ ಹೋಗುತ್ತೆ ಅಂತ ಬರೆದಿದ್ದೀರಿ. ಇಂಥದ್ದಕ್ಕೆ ಕೆಗೆಲ್ ವ್ಯಾಯಾಮವೇ, ಅಂದರೆ ಸೊಂಟದ ತಳದ ಸ್ನಾಯುಗಳನ್ನು ಬಿಗಿ ಹಿಡಿದು ಬಿಡೋದೇ, ಮೊದಲ ಚಿಕಿತ್ಸೆ. ವಯಸ್ಸು ಅಡ್ಡಿಯಲ್ಲ.

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ಹೆಂಗಸರು ಮಂಡಿನೋವು ಅಂತ ಬರುತ್ತಾರೆ. ಎಲ್ಲ ಮುಗಿದು ಬಾಗಿಲ ಹತ್ತಿರ ಹೋದಮೇಲೆ ತಿರುಗಿ, 'ಮೇಡಂ, ಇನ್ನೊಂದು ಕೇಳಬೇಕಿತ್ತು' ಅನ್ನುತ್ತಾರೆ. ಮಿರ್ಚಿ ಕರಿಯುವ ಘಾಟಿಗೆ ಕೆಮ್ಮು ಬಂದರೂ ಇವರಿಗೆ ಭಯ. ನಿಮ್ಮ ಅಮ್ಮ ನಿಮ್ಮ ಹತ್ತಿರ ಬಾಯಿಬಿಟ್ಟು ಹೇಳಿದ್ದೇ ದೊಡ್ಡದು.

ಸೊಂಟದ ತಳದಲ್ಲಿ, ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆವರೆಗೆ, ಜೋಲಿ ಕಟ್ಟಿದ ಹಾಗೆ ಸ್ನಾಯುಗಳಿವೆ. ಹೆರಿಗೆ, ಮುಟ್ಟು ನಿಂತದ್ದು, ಹಳೇ ಮಲಬದ್ಧತೆ, ತೂಕ ಇವೆಲ್ಲ ಸೇರಿ ಅವು ಸಡಿಲವಾಗುತ್ತವೆ. ಅವನ್ನೇ ಗಟ್ಟಿ ಮಾಡಬೇಕು.

ಅಮ್ಮನನ್ನು ಗಟ್ಟಿ ಕುರ್ಚಿ ಮೇಲೆ ಕೂರಿಸಿ. ನಾಲ್ಕು ಜನರ ಮಧ್ಯೆ ಹೂಸು ಬಂದರೆ ಹೇಗೆ ತಡೆಯುತ್ತಾರೋ ಹಾಗೆ ಒಳಗೆ, ಮೇಲಕ್ಕೆ ಎಳೆದುಕೊಳ್ಳಲಿ. ನಗು ಬರುತ್ತೆ, ಆದರೆ ಇದಕ್ಕಿಂತ ಬೇಗ ಅರ್ಥವಾಗುವ ವಿವರಣೆ ನನಗಂತೂ ಸಿಕ್ಕಿಲ್ಲ. ಕೂತಲ್ಲೇ ಮೈ ಒಂಚೂರು ಮೇಲೆದ್ದರೆ ಅವರು ಕುಂಡಿ ಬಿಗಿ ಮಾಡುತ್ತಿದ್ದಾರೆ ಅಂತ ಅರ್ಥ. ತೊಡೆ, ಹೊಟ್ಟೆಯೂ ಸಡಿಲ ಇರಬೇಕು. ಉಸಿರು ಕಟ್ಟಬಾರದು. ಅದಕ್ಕೇ ಬಾಯಿಬಿಟ್ಟು ಎಣಿಸಿ ಅನ್ನುತ್ತೇನೆ, ಎಣಿಸುವಾಗ ಉಸಿರು ಕಟ್ಟೋಕಾಗಲ್ಲ, ಅಲ್ವಾ? ಐದು ಎಣಿಸುವವರೆಗೆ ಹಿಡಿಯೋದು, ಅಷ್ಟೇ ಹೊತ್ತು ಪೂರ್ತಿ ಬಿಡೋದು. ಮೊದಲು ಮೂರು ಎಣಿಕೆ ಆದರೂ ಸಾಕು, ನಿಧಾನಕ್ಕೆ ಹತ್ತರವರೆಗೆ ಹೋಗಬಹುದು. ಒಂದು ಸಲಕ್ಕೆ 8ರಿಂದ 10, ದಿನಕ್ಕೆ ಮೂರು ಹೊತ್ತು. ಮೂತ್ರ ಮಾಡುವಾಗ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡೋದು ಬೇಡ, ಮೂತ್ರಚೀಲ ಪೂರ್ತಿ ಖಾಲಿಯಾಗಲ್ಲ.

ಇನ್ನೊಂದು ಉಪಾಯ. ಕೆಮ್ಮು ಬರುತ್ತೆ ಅನ್ನಿಸಿದ ತಕ್ಷಣ ಮೊದಲು ಬಿಗಿಹಿಡಿದು, ಆಮೇಲೆ ಕೆಮ್ಮಲಿ. ಕೊಡ ಎತ್ತುವಾಗಲೂ ಅಷ್ಟೇ.

ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಎಷ್ಟೋ ಜನ ಹದಿನೈದು ದಿನಕ್ಕೇ 'ಏನೂ ಆಗಲಿಲ್ಲ' ಅಂತ ಕೈಬಿಡುತ್ತಾರೆ.

ಚಿತ್ರದುರ್ಗದ ಮದುವೆಗೆ ಬಸ್ಸಲ್ಲಿ ಹೋಗಬೇಕು ಅಂತ ಅಮ್ಮ ಬೆಳಗ್ಗೆಯಿಂದ ನೀರೇ ಕುಡಿಯಲ್ಲ ಅಂದಿರಲ್ಲ, ಅದು ಬೇಡ. ಮೂತ್ರ ಗಾಢವಾದರೆ ಚೀಲಕ್ಕೆ ಕಿರಿಕಿರಿ ಜಾಸ್ತಿ. ಮಲಬದ್ಧತೆಯೂ ಕೂಡಿಕೊಳ್ಳುತ್ತೆ. ಬೇಕಾದರೆ ಟೀ ಕಾಫಿ ಕಡಿಮೆ ಮಾಡಲಿ, ಹೊರಡುವ ಮುಂಚೆ ಒಂದ್ಸಲ ಹೋಗಿಬರಲಿ.

ಉರಿ, ಮೂತ್ರದಲ್ಲಿ ರಕ್ತ, ಕೆಳಗೆ ಏನೋ ಜಾರಿದ ಹಾಗೆ ಅನ್ನಿಸೋದು, ಪೂರ್ತಿ ಹೋಗದೆ ಉಳಿದ ಹಾಗಾಗೋದು ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಸೋರಿಕೆ ಶುರುವಾಗಿ ಕಾಲು ಜೋಮು ಹಿಡಿದರೆ ಅದೇ ದಿನ ಹೋಗಬೇಕು. ಬಿಪಿ ಮಾತ್ರೆ ಚೀಟಿಯನ್ನೂ ಒಯ್ಯಿರಿ. ಕೆಲವು ಮಾತ್ರೆಗಳು ಮೂತ್ರ ಜಾಸ್ತಿ ಮಾಡುತ್ತವೆ. ಶುಗರ್ ಕೂಡ ಒಮ್ಮೆ ನೋಡಿಸಿ.